ಏರದ ಗೆರೆ

ಬ್ಲ್ಯಾಕ್‌ಟೌನ್‌ನಿಂದ ಹೊರಟ ರೈಲಿನಲ್ಲಿ ಇವತ್ತು, ಈ ಪರದೇಶದಲ್ಲೂ, ಮುಂದಿನ ಸೀಟಿನಿಂದ ಕನ್ನಡ ಕೇಳಿಸಿತು. ನಾನೂ ಕನ್ನಡದವಳೆಂದು ಹೇಳಲು ಧೈರ್ಯ ಬರದೆ ಪುಸ್ತಕ ಓದುವಂತೆ ನಟಿಸಿದೆ. ಕಾಲೇಜಿನ ಹುಡುಗಿಯೊಬ್ಬಳು ಲ್ಯಾಪ್‌ಟಾಪ್‌ನಲ್ಲಿ ಗ್ರಾಫ್ ತೋರಿಸುತ್ತಿದ್ದಳು. ಪಕ್ಕದಲ್ಲಿ ಆಸ್ಪತ್ರೆಯ ಅಡುಗೆಮನೆಯ ಸಮವಸ್ತ್ರದ ಹೆಂಗಸು. ಅವಳು ಹುಡುಗಿಯ ಕಡೆ ತಿರುಗಿದಾಗ ಬ್ಯಾಡ್ಜಿನಲ್ಲಿ ಚಂದ್ರಪ್ರಭಾ ಎಂದು ಕಂಡಿತು.

"ಏನೇ ಲವಿಟಾ, ಸ್ಕೇಲಿಟ್ಟು ಗೆರೆ ಎಳೆದಂಗಿದೆ?"

"ಈಸ್ಟ್ ಟಿಮೋರಿನ ಮಿನಿಮಮ್ ವೇಜ್ ಆಂಟಿ. ಎರಡು ಸಾವಿರದ ಹನ್ನೆರಡರಲ್ಲಿ ತಿಂಗಳಿಗೆ ನೂರ ಹದಿನೈದು ಅಮೆರಿಕನ್ ಡಾಲರ್ ಮಾಡಿದ್ದು. ಹತ್ತು ವರ್ಷ ಆದ ಮೇಲೂ ಅಷ್ಟೇ ಉಂಟು."

"ತಿಂಗಳಿಗಾ? ನಂಗೆ ಒಂದು ಶಿಫ್ಟಿಗೇ ಅಷ್ಟು ಬರುತ್ತಲ್ಲೇ! ಅಲ್ಲಿ ಜುಲೈ ಬರಲ್ವಾ? ನಮಗೆ ಪ್ರತಿ ಜುಲೈಗೂ ಏರಿಸ್ತಾರೆ."

"ಜುಲೈ ಬರ್ತದೆ, ಸಂಬಳ ಏರುದಿಲ್ಲ. ಹತ್ತು ಗಂಟೆಗೆ ಕ್ಲಾಸಲ್ಲಿ ಇದರ ಬಗ್ಗೆ ಐದು ನಿಮಿಷ ಮಾತಾಡ್ಬೇಕು. ಎಂತ ಹೇಳುದು ಮಾರಾಯ್ರೆ? ನನ್ನ ಮಾರ್ಕ್ಸ್ ಹೋಯ್ತು."

"ಅಕ್ಕಿ ರೇಟೂ ಹಿಂಗೇ ಮಲಗಿತ್ತಾ?"

"ಇಲ್ಲ, ಅದು ಏರಿದೆ."

"ಮತ್ತೆ? ಆ ಗೆರೆನೂ ಇದರ ಜೊತೆ ಹಾಕು. ಐದು ನಿಮಿಷ ಸಾಕಾಗಲ್ಲ ನೋಡು."

ಲವಿಟಾ ಸ್ವಲ್ಪ ಹೊತ್ತು ಟೈಪ್ ಮಾಡಿದಳು. ಪರದೆಯಲ್ಲಿ ಎರಡನೆಯ ಗೆರೆ ಮೊದಲಿನದನ್ನು ಕೆಳಗೆ ಬಿಟ್ಟು ಮೇಲೆ ಹೋಯಿತು.

"ಆಂಟಿ, ಈ ನಡುವಿನ ಜಾಗವನ್ನು ಅಲ್ಲಿಯ ಜನ ಹೇಗೆ ತುಂಬಿಸಿದ್ದು?"

"ಮಧ್ಯಾಹ್ನದ ಊಟ ಬಿಟ್ಟು. ಇಲ್ಲಿ ಸ್ಟೂಡೆಂಟ್ ಆಗಿದ್ದಾಗ ನಾನೂ ಹಂಗೇ ತುಂಬಿಸಿದ್ದು."

"ಕ್ಲಾಸಲ್ಲಿ ಇದನ್ನೇ ಹೇಳ್ಲಾ?"

"ಹೇಳೇ. ನನ್ನ ಹೆಸರು ಮಾತ್ರ ಹಾಕ್ಬೇಡ!"

ಪ್ಯಾರಮಟ್ಟಾ ಸ್ಟೇಷನ್ ಬಂತು. ಇಬ್ಬರೂ ನಗುತ್ತ ಇಳಿದುಹೋದರು.