ಆಗುಂಬೆ ಮೂರು ಸಲ

ಕಾಫಿ ಬೇಡ ಮಾವ, ಕೈ ಮುಗೀತೀನಿ, ಬೇಡ! ನಾಲ್ಕು ದಿನದಲ್ಲಿ ಐವತ್ತಮೂರು ಲೋಟ ಇಳಿಸಿದ್ದೀನಿ. ಎಣಿಸಿದ್ದು ನಾನಲ್ಲ, ನನ್ನ ಫ್ರೆಂಡ್ ಮಲ್ಲಿಕ್. ಅವನಿಗೆ ಬೇರೆ ಕೆಲಸ ಏನಿತ್ತು, ಬೈಕ್ ಹಿಂದೆ ಕೂತ್ಕೊಂಡು ಎಣಿಸೋದೇ... ಅತ್ತೆ ಇಲ್ವಾ? ಸ್ಪಂದನಾ? ಓ, ಇಬ್ಬರೂ ಮಾರ್ಕೆಟ್ಟಿಗಾ. ಒಳ್ಳೇದಾಯ್ತು. ಅಂದ್ರೆ... ಒಳ್ಳೇದು ಅಂದ್ರೆ ಏನಿಲ್ಲ, ನಾವಿಬ್ರೇ ಆರಾಮಾಗಿ ಮಾತಾಡಬಹುದು ಅಂತ.

ಹೂಂ, ಸೀದಾ ತರೀಕೆರೆಯಿಂದ ಬರ್ತಿದ್ದೀನಿ. ಮನೆಗೂ ಹೋಗಿಲ್ಲ. ಮಲ್ಲಿಕ್, ಮಧು ಇಬ್ಬರನ್ನೂ ಮಧೂನ ಗಾಡೀಲಿ ಹಾಗೇ ಶಿವಮೊಗ್ಗಕ್ಕೆ ಕಳಿಸಿದೆ. ನಾವೂ ಬರ್ತೀವಿ ಕಣೋ ಅಂದ್ರು. ಬೇಡ್ರೋ ಮಾರಾಯ, ನಮ್ಮ ಮಾವನ ಮನೆಗೆ ನಾನೊಬ್ಬನೇ ಹೋಗ್ತೀನಿ ಅಂದೆ. ಹೇಗಿದ್ದೀನಿ ನೋಡಿ! ತಲೇಲಿ ಎರಡು ಸೇರು ಧೂಳಿದೆ. ಮದುಮಗ ಅಂತ ಯಾರಾದ್ರೂ ಹೇಳ್ತಾರಾ?

ಏನು, ಗಾಡಿ ನೋಡ್ತಿದ್ದೀರಾ? ನೋಡಿ, ನೋಡಿ. ನೀವು ಕೊಟ್ಟ ಜಾವಾನೇ. ಒಂದು ಸಲಾನೂ ಕೈ ಕೊಡಲಿಲ್ಲ ಮಾವ, ನಿಮ್ಮಾಣೆ. ಆ ಮಡ್‌ಗಾರ್ಡ್ ಸೊಟ್ಟಗಾಗಿದ್ದು ಗಾಡಿ ತಪ್ಪಲ್ಲ, ಕಳಸದ ಹತ್ರ ಒಂದು ಎಮ್ಮೆ... ಬಿಡಿ, ಆ ಕಥೆ ಆಮೇಲೆ.

ಮದುವೆ ಇನ್ನು ಹದಿನಾರು ದಿನ. ಅಪ್ಪ ಅಂದ್ರು, ದೂರದವರಿಗೆ ಕಾರ್ಡು ಅಂಚೇಲಿ ಹಾಕೋಣ. ಅಂಚೇಲಿ ಹಾಕಿದ್ರೆ ಯಾರು ಬರ್ತಾರೆ ಹೇಳಿ? ಬಾಗಿಲಿಗೆ ಹೋಗಬೇಕು, ಕೈಗೆ ಕೊಡಬೇಕು, ಕಾಲಿಗೆ ಬೀಳಬೇಕು, "ತಪ್ಪದೆ ಬರಬೇಕು" ಅನ್ನಬೇಕು. ಆಗ ಕರೆದ ಹಾಗೆ. ಅದಕ್ಕೇ ನಾನಂದೆ, ಘಾಟಿ ಕಡೆ ಮನೆಗಳೆಲ್ಲ ನಂಗೆ ಬಿಡಿ, ನಾವು ಮೂವರು ಬೈಕಲ್ಲಿ ಹೋಗಿ ಬರ್ತೀವಿ. ಅರವತ್ತನಾಲ್ಕು ಮನೆ ಮಾವ! ಅರವತ್ತನಾಲ್ಕು! ನಮ್ಮ ನೆಂಟರು ಇರೋ ಜಾಗವೆಲ್ಲ ಬೆಟ್ಟದ ತುದೀಲೇ ಇರುತ್ತೆ, ಇಲ್ಲ ಬೆಟ್ಟದ ಬುಡದಲ್ಲಿ. ಸಪಾಟು ಜಾಗದಲ್ಲಿ ಒಬ್ಬರಾದ್ರೂ ಇದ್ದಾರಾ!

ನಗ್ತಿದ್ದೀರಲ್ಲ. ನೀವು ನಗೋದನ್ನ ನೋಡಿ ಎಷ್ಟು ದಿನ ಆಯ್ತು...

ಮೊದಲ ದಿನ ತೀರ್ಥಹಳ್ಳಿ. ಹನ್ನೊಂದು ಮನೆ, ಹನ್ನೊಂದು ಮನೇಲೂ ತಿಂಡಿ. ಒಂದು ಮನೇಲಿ ಉಪ್ಪಿಟ್ಟು, ಪಕ್ಕದ ಮನೇಲಿ "ಅವರ ಮನೇಲಿ ತಿಂದಿರಿ, ನಮ್ಮನೇಲಿ ತಿನ್ನಲ್ವಾ" ಅಂತ ಇನ್ನೊಂದು ಉಪ್ಪಿಟ್ಟು. ಮಧು ಪಾಪ, ಐದನೇ ಮನೇಲಿ "ನಂಗೆ ಸೋಮವಾರ ಉಪವಾಸ" ಅಂತ ಸುಳ್ಳು ಹೇಳಿದ. ಅವತ್ತು ಬುಧವಾರ! ಆ ಮನೆ ಅಜ್ಜಿ ಬಿಡ್ತಾರಾ? ಒಂದರ ಬದಲು ಎರಡು ತಟ್ಟೆ ಹಾಕಿದ್ರು.

ಅಲ್ಲಿಂದ ಆಗುಂಬೆ. ಮಾವ, ಅಲ್ಲಿ ನಿಮ್ಮನ್ನ ನೆನೆಸಿಕೊಂಡೆ, ನಿಜವಾಗ್ಲೂ. ಮೊದಲನೇ ತಿರುವಲ್ಲೇ ಎದುರಿಗೆ ಬಸ್ಸು. ಈ ಕಡೆ ಗೋಡೆ, ಆ ಕಡೆ ಏನೂ ಇಲ್ಲ, ಬರೀ ಗಾಳಿ. ಹಿಂದೆ ಮಲ್ಲಿಕ್ "ಶಿವಾ ಶಿವಾ" ಅಂತಿದ್ದಾನೆ. ಆಗ ಕಿವೀಲಿ ನಿಮ್ಮ ಧ್ವನಿ ಕೇಳಿಸ್ತು. ಇದೇ ನ್ಯೂ ಟೌನ್ ರಸ್ತೇಲಿ ನಂಗೆ ಬೈಕ್ ಕಲಿಸ್ತಾ ಹೇಳ್ತಿದ್ರಲ್ಲ, "ಚಕ್ರದ ಮುಂದೆ ನೋಡಬೇಡ ಪ್ರಸನ್ನ, ತಿರುವು ಎಲ್ಲಿ ಮುಗಿಯುತ್ತೋ ಅಲ್ಲಿ ನೋಡು." ಅಲ್ಲೇ ನೋಡಿದೆ. ಗಾಡಿ ತಾನಾಗೇ ಹೋಯ್ತು! ಹದಿನಾಲ್ಕು ತಿರುವು, ಒಂದರಲ್ಲೂ ಕಾಲು ಕೆಳಗೆ ಇಡಲಿಲ್ಲ.

ಎಂಟನೇ ತಿರುವಲ್ಲಿ ಮಾತ್ರ ನಿಲ್ಲಿಸಿದ್ವಿ. ನಿಲ್ಲಿಸಬಾರದಿತ್ತು. ಒಂದು ಮಂಗ ಬಂದು ಕಾರ್ಡು ತುಂಬಿದ ಬ್ಯಾಗಿಗೇ ಕೈ ಹಾಕ್ತು ಮಾವ. ಒಂದು ಕಾರ್ಡು ಎಳಕೊಂಡು ಮರ ಹತ್ತಿ, ಕವರ್ ಹರಿದು, ಕಣ್ಣ ಹತ್ರ ಹಿಡ್ಕೊಂಡು ಓದ್ತಿದೆ! ಮಧು ಕೆಳಗಿಂದ ಕೈ ಮುಗಿದು ಕೂಗ್ತಾನೆ, "ತಪ್ಪದೆ ಸಂಸಾರ ಸಮೇತ ಬರಬೇಕು ಸ್ವಾಮೀ!" ಅಯ್ಯಯ್ಯೋ... ನಕ್ಕು ನಕ್ಕು ಮಲ್ಲಿಕ್ ರಸ್ತೇಲೇ ಕೂತ್ಬಿಟ್ಟ.

ಆಮೇಲೆ ಹೆಬ್ರಿ. ಘಾಟಿ ಕೆಳಗೆ, ಬಂಗಾರಮ್ಮತ್ತೆ ಮನೆ, ಅಪ್ಪನ ತಂಗಿ. ಅಲ್ಲಿ ಸ್ವಲ್ಪ... ಅಲ್ಲಿ ಒಂದು ಸಣ್ಣ ವಿಷಯ ಆಯ್ತು. ಅದನ್ನ ಹೇಳೋಕೇ ಬಂದೆ. ಅದೂ ಒಂದು, ಅಷ್ಟೇ. ಕೇಳಿದ್ರೆ ನಗ್ತೀರಿ.

ಬಂಗಾರಮ್ಮತ್ತೆ ಗೊತ್ತಲ್ಲ, ಕನ್ನಡಕ ಹಾಕ್ಕೊಂಡು ಕಾರ್ಡು ಒಂದಕ್ಷರ ಬಿಡದೆ ಓದಿದ್ರು. ಓದಿ ಮುಗಿಸಿ, ಕಾರ್ಡು ನನ್ನ ಕೈಗೇ ವಾಪಸ್ ಕೊಟ್ರು. "ಸೋದರಮಾವನ ಹೆಸರೆಲ್ಲೋ?" ಅಂದ್ರು. ನಾನು ನೋಡ್ತೀನಿ, ಇಲ್ಲ! ಸುಖಾಗಮನ ಬಯಸುವವರು ಅಂತ ಅಷ್ಟುದ್ದ ಪಟ್ಟಿ ಇದೆ, ದೊಡ್ಡಪ್ಪ ಇದ್ದಾರೆ, ಚಿಕ್ಕಪ್ಪ ಇದ್ದಾರೆ, ಇನ್ನೂ ಹಲ್ಲು ಬರದ ನಮ್ಮ ಅಕ್ಕನ ಮಗಳಿದ್ದಾಳೆ. ನಿಮ್ಮ ಹೆಸರಿಲ್ಲ. ಪ್ರೆಸ್ಸಿನವರು ಮಾವ, ಏನು ಹೇಳ್ತೀರಿ ಅವರಿಗೆ! ಮದುವೆ ಸೀಸನ್ನು, ರಾಶಿ ರಾಶಿ ಕೆಲಸ, ಒಂದು ಸಾಲು ಹಾರಿಸಿಬಿಟ್ಟಿದ್ದಾರೆ. ನೇರ ಪ್ರೆಸ್ಸಿಂದ ಬಂಡಲ್ ಎತ್ಕೊಂಡು ಬ್ಯಾಗಿಗೆ ತುಂಬಿದ್ದು, ಅಪ್ಪ ನೋಡಿಲ್ಲ, ಅಮ್ಮ ನೋಡಿಲ್ಲ...

ನಗಲಿಲ್ಲ ನೀವು.

ಇಲ್ಲ, ನಗೋ ವಿಷಯ ಅಲ್ಲ, ಗೊತ್ತು ನಂಗೆ. ಬಂಗಾರಮ್ಮತ್ತೆ ಏನಂದ್ರು ಗೊತ್ತಾ? "ಬಾಸಿಂಗ ಕಟ್ಟೋನು ಅವನು. ಅವನ ಹೆಸರಿಲ್ಲದ ಕಾರ್ಡು ನಾನು ಮನೆ ಒಳಗೆ ಇಟ್ಟುಕೊಳ್ಳಲ್ಲ." ನಾನು ಅಲ್ಲೇ ಜಗುಲಿ ಮೇಲೆ ಕೂತು ಪೆನ್ನಲ್ಲಿ ಬರೆದೆ. ಸೋದರಮಾವ, ಶ್ರೀ ಉಜ್ಜನಪ್ಪನವರು, ಭದ್ರಾವತಿ. ಆಗ ತಗೊಂಡ್ರು. ಆದ್ರೆ ಮೇಲೆ ತೀರ್ಥಹಳ್ಳೀಲಿ ಹನ್ನೊಂದು ಕಾರ್ಡು ಕೊಟ್ಟು ಬಂದಿದ್ದೀವಲ್ಲ! ಅದಕ್ಕೆ?

ಮರುದಿನ ಬೆಳಿಗ್ಗೆ ಮತ್ತೆ ಘಾಟಿ ಹತ್ತಿದ್ವಿ ಮಾವ. ಹೌದು! ಅದೇ ಹದಿನಾಲ್ಕು ತಿರುವು. ಅದೇ ಮಂಗ. ಅವೇ ಹನ್ನೊಂದು ಮನೆ, "ಕಾರ್ಡು ಸ್ವಲ್ಪ ಕೊಡಿ, ಒಂದು ಹೆಸರು ಬರೀಬೇಕು" ಅಂತ. ಕಾರ್ಡು ಕೇಳಿದ್ರೆ ಸುಮ್ನೆ ಕೊಡ್ತಾರಾ? ಮತ್ತೆ ಉಪ್ಪಿಟ್ಟು! ಆ ಅಜ್ಜಿ ಮಧೂನ ನೋಡಿ "ಇವತ್ತು ಉಪವಾಸ ಇಲ್ಲ ತಾನೇ?" ಅಂದ್ರು. ಆಮೇಲೆ ಮತ್ತೆ ಇಳಿದ್ವಿ, ಕಾರ್ಕಳ ಕಡೆ ಹೋಗಬೇಕಿತ್ತಲ್ಲ. ಆಗುಂಬೆ ಮೂರು ಸಲ! ಇಪ್ಪತ್ತನಾಲ್ಕು ಗಂಟೇಲಿ ಮೂರು ಸಲ ಯಾರು ಹೋಗ್ತಾರೆ, ಡ್ರೈವರ್ರು ಬಿಟ್ಟು?

ಉಳಿದ ದಾರಿ ಉದ್ದಕ್ಕೂ ಬರೆದಿದ್ದೇ ಬರೆದಿದ್ದು. ಎಲ್ಲಿ ನಿಲ್ಲಿಸಿದ್ರೂ ಪೆಟ್ರೋಲ್ ಟ್ಯಾಂಕೇ ಮೇಜು. ಮಲ್ಲಿಕ್ ಕವರ್ ಬಿಚ್ಚೋದು, ನಾನು ಬರೆಯೋದು, ಮಧು ಊದಿ ಒಣಗಿಸೋದು. ಕುದುರೆಮುಖದ ರಸ್ತೇಲಿ, ಆ ಹುಲ್ಲಿನ ಗುಡ್ಡಗಳಿವೆಯಲ್ಲ, ಅಲ್ಲಿ ಒಂದು ಸೇತುವೆ ಕಟ್ಟೆ ಮೇಲೆ ಇಪ್ಪತ್ತು ಬರೆದೆ. ಎಂಥ ಗಾಳಿ ಮಾವ ಅಲ್ಲಿ! ಎಂಥ ಹಸಿರು, ಏಪ್ರಿಲ್ಲಲ್ಲೂ! ನಿಮ್ಮ ಹೆಸರು ಬರೆದೂ ಬರೆದೂ ಕೈಗೆ ಎಷ್ಟು ರೂಢಿ ಆಯ್ತು ಅಂದ್ರೆ, ಕಳಸದ ಬಂಕಲ್ಲಿ ಏನೋ ಒಂದು ಚೀಟಿಗೆ ಸಹಿ ಮಾಡು ಅಂದ್ರೆ ಉಜ್ಜನಪ್ಪ ಅಂತ ಮಾಡಿಬಿಟ್ಟೆ! ಮಲ್ಲಿಕ್ ಹೇಳ್ತಾನೆ, "ಲೋ, ತಾಳಿ ಕಟ್ಟೋವಾಗ ಹುಷಾರು, ಮಾವನ ಹೆಸರಲ್ಲಿ ಮದುವೆ ಆಗಿಬಿಟ್ಟೀಯ!"

ಯಾಕೆ ಮಾವ, ಬೆವರು ಒರೆಸ್ಕೋತಿದ್ದೀರಿ? ಆಯಾಸನಾ? ಬಿಸಿಲು ಜಾಸ್ತಿ ಅಲ್ವಾ ಈ ವರ್ಷ... ಫ್ಯಾನ್ ಜೋರು ಮಾಡ್ಲಾ?

ಬಾಳೆಹೊನ್ನೂರಲ್ಲಿ ಶ್ರೀನಿವಾಸಮೂರ್ತಿ ಮೇಷ್ಟ್ರು ಸಿಕ್ಕಿದ್ರು, ನಂಗೆ ಹೈಸ್ಕೂಲಲ್ಲಿ ಪಾಠ ಮಾಡಿದವರು. ಅವರೂ ಆ ಪೆನ್ನಿನ ಗೆರೆ ನೋಡಿ ಕೇಳಿದ್ರು, "ಅಚ್ಚು ಹಾಕೋ ಮುಂಚೆ ಪ್ರೂಫ್ ನೋಡಿದ್ದು ಯಾರಯ್ಯ?" ಪ್ರೆಸ್ಸಿನವರ ತಪ್ಪು ಸಾರ್ ಅಂದೆ. ಚಿಕ್ಕಮಗಳೂರಲ್ಲೂ ಅದೇ ಪ್ರಶ್ನೆ. ಪ್ರೆಸ್ಸಿನವರು ಅಂದೆ. ತರೀಕೆರೇಲಿ ಮೂರೂ ಮನೇಲಿ ಪ್ರೆಸ್ಸಿನವರು, ಪ್ರೆಸ್ಸಿನವರು, ಪ್ರೆಸ್ಸಿನವರು. ಪೆನ್ನಿನ ಗೆರೆ ನೋಡಿದವರೆಲ್ಲ ಕೇಳಿದ್ರು ಮಾವ... ಎಲ್ಲರೂ ಕೇಳಿದ ಮೊದಲ ಮಾತೇ ಅದು, ಪ್ರೂಫ್ ನೋಡಿದ್ದು ಯಾರು ಅಂತ.

ನೀವು ಕೇಳಲೇ ಇಲ್ಲ.

ಬಿಟ್ಟು ಹೋಗಿದ್ದು ನಿಮ್ಮ ಹೆಸರು. ಸಿಟ್ಟು ಬರಬೇಕಾದವರು ನೀವು. ಕಾರ್ಖಾನೇಲಿ ಮೂವತ್ತು ವರ್ಷ ಫೋರ್‌ಮನ್ ಆಗಿದ್ದವರು, ಒಂದು ನಟ್ಟು ಸಡಿಲ ಆದ್ರೂ ಬಿಗಿ ಮಾಡಿದ್ದು ಯಾರು ಅಂತ ಕೇಳ್ತಿದ್ದವರು. ಕೇಳ್ತಿಲ್ಲ ಯಾಕೆ ಮಾವ? ಹಾಗೆ ನೋಡ್ಬೇಡಿ. ಬೈಯೋದಾದ್ರೂ ಬೈರಿ. ಪ್ರೆಸ್ಸಿನವರನ್ನ ಬೈರಿ!

...ಯಾರು ಅಂತ ಗೊತ್ತಾ ನಿಮಗೆ?

ಅಯ್ಯೋ. ಗೊತ್ತು. ಮೊದಲಿಂದಲೂ ಗೊತ್ತು. ನಾನು ಮಂಗನ ಕಥೆ ಹೇಳ್ತಿದ್ದಾಗಲೂ ಗೊತ್ತಿತ್ತು.

ಪ್ರೆಸ್ಸಿನವರದ್ದು ತಪ್ಪಿಲ್ಲ ಮಾವ. ಅವರು ಸರಿಯಾಗೇ ಜೋಡಿಸಿದ್ರು. ಪ್ರೂಫ್ ನೋಡಿದ್ದು ನಾನು. ಕೆಂಪು ಪೆನ್ನಲ್ಲಿ ನಿಮ್ಮ ಹೆಸರು ಹೊಡೆದು ಹಾಕಿದ್ದೂ ನಾನೇ. ಮಲ್ಲಿಕ್‌ಗೂ ಗೊತ್ತಿಲ್ಲ, ಮಧೂಗೂ ಗೊತ್ತಿಲ್ಲ, ಅಮ್ಮನಿಗಂತೂ... ಅಮ್ಮ ಏನು ಹೇಳಿದ್ಲು ಗೊತ್ತಾ, ಮೊದಲ ಕಾರ್ಡು ದೇವರಿಗೆ, ಎರಡನೇದು ನನ್ನ ತಮ್ಮನಿಗೆ, ಸೋಮವಾರ ನಾನೂ ಹೋಗಿ ಕುಂಕುಮ ಇಟ್ಟು ಕರೀತೀನಿ ಅಂತ. ಹೂಂ ಅಂದೆ. ಹೂಂ ಅಂದು ತೀರ್ಥಹಳ್ಳಿಗೆ ಗಾಡಿ ತಿರುಗಿಸಿದೆ. ಅರ್ಧ ಗಂಟೆ ದಾರಿ ನಿಮ್ಮ ಮನೆ. ಇಷ್ಟು ಬೆಟ್ಟ ಹತ್ತಿ ಇಳಿದೆ, ನಿಮ್ಮ ಗೇಟು ತೆಗೆಯೋಕೆ ಧೈರ್ಯ ಬರಲಿಲ್ಲ.

ನಿಮ್ಮ ಮಗಳು ಸ್ಪಂದನಾನ ಮದುವೆ ಆಗಲ್ಲ ಅಂದಿದ್ದು ತಪ್ಪಲ್ಲ. ಅವಳಿಗೂ ಇಷ್ಟ ಇರಲಿಲ್ಲ, ಅದು ನಿಮಗೂ ಗೊತ್ತು. ತಪ್ಪು ಅದನ್ನ ಹೇಳಿದ ರೀತಿ. ಅತ್ತೆ ಅಷ್ಟು ಪ್ರೀತಿಯಿಂದ ಕೇಳಿದ್ರು, ಎದುರಿಗೆ ಬಂದು ಹೇಳೋದು ಬಿಟ್ಟು ಎಸ್‌ಟಿಡಿ ಬೂತಿಂದ ಫೋನ್ ಮಾಡಿ ಎರಡು ಮಾತಲ್ಲಿ ಮುಗಿಸಿದೆ. ಅವತ್ತಿಂದ ನೀವು ನಮ್ಮ ದುರ್ಗಿಗುಡಿ ಮನೆಗೆ ಬಂದಿಲ್ಲ. ದಸರಾಕ್ಕೆ ಬರಲಿಲ್ಲ, ಯುಗಾದಿಗೆ ಬರಲಿಲ್ಲ. ಮದುವೆಗೂ ಬರಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಕಾರ್ಡಲ್ಲಿ ಹೆಸರಿದ್ದು ನೀವು ಬರದೇ ಇದ್ರೆ ಎಲ್ಲರೂ ಕೇಳ್ತಾರೆ, ಮಾವ ಎಲ್ಲಿ, ಮಾವ ಎಲ್ಲಿ ಅಂತ. ಹೆಸರೇ ಇಲ್ಲದಿದ್ರೆ ಯಾರೂ ಕೇಳಲ್ಲ ಅಂದುಕೊಂಡೆ. ಎಂಥ ದಡ್ಡ ನೋಡಿ! ಇದ್ದಿದ್ರೆ ಮದುವೆ ದಿನ ಕೇಳ್ತಿದ್ರು. ಇಲ್ಲದೇ ಇದ್ದಿದ್ದಕ್ಕೆ ಅರವತ್ತನಾಲ್ಕು ಮನೇಲೂ ಕೇಳಿದ್ರು.

ನಂಗೆ ನೀವು ಬೇಕು ಮಾವ. ಬಾಸಿಂಗ ನೀವೇ ಕಟ್ಟಬೇಕು. ಬೇರೆ ಯಾರು ಕಟ್ಟಿದ್ರೂ ನಾನು ತಲೆ ಬಗ್ಗಿಸಲ್ಲ.

ತಗೊಳ್ಳಿ, ಇದು ನಿಮ್ಮದು. ಹೂಂ, ಇದರಲ್ಲೂ ಇಲ್ಲ. ಇದೊಂದರಲ್ಲಿ ಮಾತ್ರ ಬರೆದಿಲ್ಲ. ಹೊರಗೆ ಗೇಟ್ ಹತ್ರ ನಿಂತು ಪೆನ್ ತೆಗೆದೆ, ಆಗಲಿಲ್ಲ. ಬೇರೆ ಮನೇಲೆಲ್ಲ ನಿಮ್ಮನ್ನ ಕೇಳದೇ ಬರೆದೆ. ನಿಮ್ಮ ಮನೇಲಿ ನಿಮ್ಮನ್ನ ಕೇಳಿಯೇ ಬರೀಬೇಕು. ಬರೀಲಾ?



ಏನು? ಪೆನ್ನಾ? ನೀವೇ ಬರೀತೀರಾ? ತಗೊಳ್ಳಿ, ತಗೊಳ್ಳಿ. ಕನ್ನಡಕ ಕೊಡ್ಲಾ? ಇಲ್ಲಿ ಮಾವ, ಕೆಳಗೆ, ಚಿಕ್ಕಪ್ಪ ಆದಮೇಲೆ ಸ್ವಲ್ಪ ಜಾಗ ಇದೆ, ಎಲ್ಲರ ಕಾರ್ಡಲ್ಲೂ ಅಲ್ಲೇ... ಮಾವ, ಅಲ್ಲಲ್ಲ! ಅದು ಮೊದಲನೇ ಸಾಲು! ಹಾಲೇಶಪ್ಪ ದೊಡ್ಡಪ್ಪನ ಹೆಸರಿಗಿಂತ ಮೇಲೆ ಬರೀತಿದ್ದೀರಲ್ಲ! ಎಂಬತ್ತು ವರ್ಷ ಅವರಿಗೆ, ನೋಡಿದ್ರೆ ರಂಪ ಮಾಡ್ತಾರೆ...

ಬರೀರಿ. ದೊಡ್ಡದಾಗೇ ಬರೀರಿ ಮಾವ. ದೊಡ್ಡಪ್ಪನಿಗೆ ನಾನು ಹೇಳ್ಕೋತೀನಿ. ಫೋನಲ್ಲಿ ಅಲ್ಲ, ಎದುರಿಗೇ ಹೋಗಿ.