ಬಲ ಭುಜವನ್ನು ಎಳೆದು ಕೂರಿಸಿದ ಬಗ್ಗೆ

ವಯಸ್ಸು 47, ಉದ್ಯೋಗ ಛಾವಣಿಯ ಒಳಮೈಗೆ ಗಾರೆ ಬಳಿಯುವುದು, ವಾಸ ನೀರಿನ ಟ್ಯಾಂಕಿನ ಹಿಂದಿನ ಸಾಲಿನ ಮೂರನೇ ಮನೆ. ಕೆಲಸದ ಜಾಗದಲ್ಲಿ ನನ್ನನ್ನು ಎಲ್ಲರೂ ‘ಡಾಕ್ಟ್ರು’ ಎನ್ನುತ್ತಾರೆ. ನಿಜವಾದ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ. ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಕೆಲಸದಲ್ಲಿ ದಿನವಿಡೀ ಕೈ ತಲೆಯ ಮೇಲೇ ಇರುತ್ತದೆ. ಆಗಾಗ ಯಾರದ್ದಾದರೂ ಭುಜದ ಕೀಲು ಜಾರುತ್ತದೆ. ಅದಕ್ಕೆಲ್ಲ ಆಸ್ಪತ್ರೆಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ನೆಲದ ಮೇಲೆ ಮಲಗಿಸಿ, ಕಂಕುಳಿಗೆ ಹಿಮ್ಮಡಿ ಕೊಟ್ಟು, ಮಣಿಕಟ್ಟು ಹಿಡಿದು ಎಳೆದು ಕೂರಿಸುತ್ತೇವೆ. ಹದಿನಾಲ್ಕು ವರ್ಷಗಳಲ್ಲಿ ನಾನು ಹನ್ನೊಂದು ಭುಜ ಕೂರಿಸಿದ್ದೇನೆ. ಹನ್ನೊಂದೂ ಸರಿಹೋದವು. ಅದರಿಂದ ನನಗೆ ಸೊಕ್ಕು ಬಂದಿತ್ತು.

ಮಾರ್ಚ್ 6ರಂದು ಬೆಳಿಗ್ಗೆ 10.20ಕ್ಕೆ ನನ್ನ ತಂಗಿಯ ಗಂಡ, ವಯಸ್ಸು 36, ಅದೇ ಕೆಲಸದವನು, ಎರಡನೇ ಮಹಡಿಯ ಕೋಣೆಯಲ್ಲಿ ಸಾರುವೆಯ ಹಲಗೆಯಿಂದ ಆರು ಅಡಿ ಕೆಳಕ್ಕೆ ಬಲಗೈ ಊರಿ ಬಿದ್ದನು. ನಾನು ಎಂಟು ಅಡಿ ದೂರದಲ್ಲಿದ್ದೆ. ಕರಣೆ ಬಿಸಾಕಿ ಹೋದೆ. ಭುಜದ ಗುಂಡು ಮುಂದಕ್ಕೆ ಬಂದು ನಿಂತಿತ್ತು. ಅವನು, ಭಾವ, ಇದು ಯಾಕೋ ಬೇರೆ ಥರ ನೋಯ್ತಿದೆ, ಮುಟ್ಟಬೇಡಿ, ಎಂದನು. ಪೇಷಂಟು ಡಾಕ್ಟ್ರಿಗೇ ಪಾಠ ಹೇಳ್ತಾನೆ ನೋಡ್ರೋ ಎಂದು ನಾನು ಹೇಳಿದೆ. ಇದ್ದ ಐದೂ ಜನ ನಕ್ಕರು. ಅವನೂ ನಕ್ಕನು.

ನಾನು ಎರಡು ಸಲ ಎಳೆದೆ. ಎರಡನೇ ಸಲ ಒಳಗೆ ಸದ್ದಾಯಿತು. ಕೂತಿತು ಎಂದುಕೊಂಡೆ, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಸುಮಾರು ಹತ್ತು ನಿಮಿಷದ ನಂತರ ತೋಳಿನ ಹೊರಮೈ ಜೋಮು ಹಿಡಿದಿದೆ ಎಂದು ಅವನು ತಿಳಿಸಿದನು. ಊತ ಇಳಿದರೆ ತಾನಾಗಿ ಹೋಗುತ್ತದೆ ಎಂದು ನಾನು ಹೇಳಿದೆ. ಹತ್ತನೇ ದಿನ ತಂಗಿ ಆಸ್ಪತ್ರೆಗೆ ಕರೆದೊಯ್ಯೋಣ ಎಂದಾಗಲೂ ಅದನ್ನೇ ಹೇಳಿದೆ. ಪ್ರತಿ ಸಂಜೆ ಅವರ ಮನೆಗೆ ಹೋಗಿ ನಾನೇ ಎಣ್ಣೆ ತಿಕ್ಕುತ್ತಿದ್ದೆ. ಅವನು ಹಲ್ಲು ಕಚ್ಚಿಕೊಂಡಿರುತ್ತಿದ್ದನು.

ಏಪ್ರಿಲ್ 17ರಂದು, ಅಂದರೆ 42ನೇ ದಿನ, ಕೈ ಮೇಲೇಳದೆ ಕೊನೆಗೆ ಆಸ್ಪತ್ರೆಗೆ ಹೋದಾಗ, ಮೂಳೆ ಡಾಕ್ಟರಮ್ಮನವರು ಎಕ್ಸ್-ರೇ ಫಿಲಂ ನೋಡಿ ತಿಳಿಸಿದ್ದೇನೆಂದರೆ, ಅಂದು ಕೀಲು ಜಾರಿದ್ದಷ್ಟೇ ಅಲ್ಲ, ತೋಳಿನ ಮೂಳೆಯ ತಲೆಯೂ ಬಿರುಕು ಬಿಟ್ಟಿತ್ತು. ಎಳೆದಾಗ ಅದು ಪೂರ್ತಿ ಒಡೆದು ನರಕ್ಕೂ ಪೆಟ್ಟಾಗಿದೆ. ಮೊದಲ ವಾರದಲ್ಲೇ ಬಂದಿದ್ದರೆ ಪ್ಲೇಟು, ಸ್ಕ್ರೂ ಹಾಕಿ ಜೋಡಿಸಬಹುದಿತ್ತು. ಈಗ ಮೂಳೆಯ ತಲೆಗೆ ರಕ್ತ ಹರಿಯುತ್ತಿಲ್ಲ, ಜೋಡಿಸಿದರೂ ನಿಲ್ಲದು. ಸ್ನಾಯುವೂ ಹರಿದಿದೆ, ಹೊಲಿಯೋಣವೆಂದರೆ ಅದು ಮುದುರಿ ಸವೆದುಹೋಗಿದೆ. ಕೃತಕ ಕೀಲು ಹಾಕಬಹುದು, ಆದರೆ ಅದನ್ನು ಎತ್ತಬೇಕಾದ ಮಾಂಸಖಂಡದ ನರವೇ ಕೆಲಸ ಮಾಡುತ್ತಿಲ್ಲ. ನರ ಚೇತರಿಸಿಕೊಳ್ಳುತ್ತದೆಯೇ ಎಂದು ಕೆಲವು ತಿಂಗಳು ಕಾಯಬೇಕು. ತಮಗೆ ಹೆಚ್ಚು ಭರವಸೆ ಇಲ್ಲ ಎಂದರು. ಆಗದಿದ್ದರೆ ಕೊನೆಯದಾಗಿ ಉಳಿಯುವುದು ತೋಳು ಮತ್ತು ಭುಜದ ಮೂಳೆಗಳನ್ನು ಒಂದೇ ಕೋನದಲ್ಲಿ ಶಾಶ್ವತವಾಗಿ ಬೆಸೆಯುವುದು. ಕೈ ಬಾಯಿಗೆ ಎಟುಕುವಂತೆ ಬೆಸೆಯುತ್ತಾರಂತೆ.

ಹಾಗಾದ್ರೆ ಮೇಲೆತ್ತಿದ ಹಾಗೇ ಬೆಸೆದುಬಿಡಿ ಮೇಡಂ, ಛಾವಣಿಗೆ ಎಟುಕಿದ್ರೆ ಸಾಕು, ಬಾಯಿಗೆ ಎಡಗೈ ಇದೆಯಲ್ಲ, ಎಂದು ಅವನು ಕೇಳಿದನು. ಹಾಗೆ ಮಾಡಲು ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಅವನು ತಮಾಷೆಗೆ ಕೇಳಿರಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹೊರಗೆ ಬೆಂಚಿನ ಬಳಿ ತಂಗಿ ನನ್ನನ್ನು ತಡೆದು, ಅಣ್ಣಾ, ಎಳೀಬೇಡ ಅಂತ ನಮ್ಮನೆಯವರು ಅಂದಿದ್ರಾ, ಎಂದು ಕೇಳಿದಳು. ಇಲ್ಲ ಎಂದೆ. ಅವಳು ತಲೆಯಾಡಿಸಿ, ಅವರೂ ಇಲ್ಲ ಅಂದ್ರು, ಎಂದಳು.

ಕೆಲಸದ ಜಾಗದಲ್ಲಾದ ಪೆಟ್ಟೆಂದು ಆಸ್ಪತ್ರೆಯವರು ಠಾಣೆಗೆ ತಿಳಿಸಿದ್ದರು. ಈ ದಿನ ಠಾಣೆಯಲ್ಲಿ ಅವನ ಹೇಳಿಕೆಯನ್ನು ನನಗೆ ತೋರಿಸಲಾಯಿತು. ಭುಜ ಕೂರಿಸುವಂತೆ ತಾನೇ ಕೇಳಿಕೊಂಡೆನೆಂದೂ, ಭಾವನ ತಪ್ಪು ಏನೂ ಇಲ್ಲವೆಂದೂ ಅದರಲ್ಲಿದೆ. ಕೆಳಗೆ ಎಡಗೈಯಲ್ಲಿ ಹಾಕಿದ ಸಹಿ ಇದೆ. ಆ ಹೇಳಿಕೆ ಸುಳ್ಳು. ಅವನು ಮುಟ್ಟಬೇಡಿ ಎಂದಿದ್ದನು. ಇದನ್ನು ನನ್ನ ತಂಗಿಗೂ ಓದಿ ಹೇಳಬೇಕೆಂದು ಕೋರುತ್ತೇನೆ. ನನ್ನ ಬಾಯಿಂದ ಹೇಳಲು ಎರಡು ಸಲ ಅವರ ಬಾಗಿಲಿನವರೆಗೆ ಹೋಗಿ ವಾಪಸು ಬಂದಿದ್ದೇನೆ.

ಇಲ್ಲಿ ಬರೆದಿರುವುದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಯಾರ ಒತ್ತಾಯವೂ ಇಲ್ಲ.

ಸ್ಥಳ: ಠಾಣೆ
ದಿನಾಂಕ: ಏಪ್ರಿಲ್ 19, ಮಧ್ಯಾಹ್ನ 12.40
ಸಹಿ: (ಬಲಗೈಯಲ್ಲಿ)