ಪೂರಾ ಹಾಡು

ಹಾವೇರಿ ಬಸ್ ನಿಲ್ದಾಣದಲ್ಲಿ ರಾಣೆಬೆನ್ನೂರು ಬಸ್ಸಿಗೆ ಕಾಯುತ್ತ ಕೂತಿದ್ದೆ. ಹಿಂದಿನ ಬೆಂಚಿನಲ್ಲಿ ಹೊಲಿಗೆ ಕ್ಲಾಸು ಮುಗಿಸಿ ಬಂದ ಇಬ್ಬರು ಗೆಳತಿಯರಿದ್ದರು. ಅವರಲ್ಲಿ ನಿರ್ಮಲಾ ಎಂಬವಳನ್ನು ನೋಡಲು ನಿನ್ನೆ ಬ್ಯಾಡಗಿಯಿಂದ ಗಂಡಿನ ಕಡೆಯವರು ಬಂದಿದ್ದರಂತೆ.

“ಹಾಡು ಅಂದ್ರೇನ ಮತ್ತ?”

“ಅನ್ನದ ಬಿಡ್ತಾರೇನ? ತತ್ವಪದ ಸುರು ಮಾಡಿದೆ. ಒಂದು ನುಡಿ ಮುಗಿಯೂದ್ರಾಗ ಸೀನು ಹತ್ತಿದ್ವು.”

“ಯಾಕ, ನೆಗಡಿ ಆಗಿತ್ತೇನ?”

“ನೆಗಡಿ ಎಲ್ಲೀದು. ಹುಡುಗ ಮೆಣಸಿನಕಾಯಿ ದಲಾಲಿ ಅಂಗಡ್ಯಾಗ ಇರೂದು. ಅಲ್ಲಿಂದ ಸೀದಾ ಎದ್ದು ಬಂದಾನ. ಅಂಗಿ ತುಂಬ ಘಾಟು.”

“ಆಮ್ಯಾಲೆ?”

“ಪಾಪ, ತನ್ನ ಕರ್ಚೀಫ್ ಕೊಟ್ಟ. ಮೂಗು ಒರಸ್ಕೊಂಡೆ, ಇನ್ನೂ ಜೋರಾತು. ಅದರಾಗ ಇಡೀ ಮಾರ್ಕೆಟ್ಟ ಇತ್ತು. ಕಣ್ಣೀರು ಸುರಿಸ್ಕೋಂತ ಒಳಗ ಓಡಿದೆ.”

“ಮುಗೀತು. ಇದೂ ಹೋತು ಅನ್ನು.”

“ನಮ್ಮವ್ವನೂ ಹಂಗ ಅಂದ್ಲು. ಆದ್ರ ಹೊಂಟಾಗ ಅಂವ ಬಾಗಲದಾಗ ನಿಂತು ಕೇಳಿದ, ಉಳದ ನುಡಿ ಯಾವಾಗ ಹಾಡ್ತೀರಿ ಅಂತ.”

“ಖರೇನ?”

“ಖರೇನ. ಇಷ್ಟು ಮಂದಿ ಬಂದು ಹೋದ್ರಲ್ಲ, ಎಲ್ಲಾರೂ ಒಂದು ನುಡಿಗೇ ಸಾಕು ಅಂದಾವ್ರು. ಪೂರಾ ಕೇಳತೇನಿ ಅಂದಾಂವ ಇವನೊಬ್ಬ.”

“ನೀ ಏನಂದಿ?”

“ಜಳಕಾ ಮಾಡಿ ಬರ್ರಿ, ಹಾಡ್ತೇನಿ ಅಂದೆ.”

ಅಗಡಿ ಬಸ್ಸು ಬಂತು. ಇಬ್ಬರೂ ನಗುತ್ತ ಓಡಿದರು. ಬಸ್ಸಿನ ಮೆಟ್ಟಿಲ ಮೇಲೆ ನಿರ್ಮಲಾ ಜೋರಾಗಿ ಸೀನಿದಳು. ಅವಳ ಮೂಗಿನ ಹತ್ತಿರ ಇದ್ದದ್ದು ಗಂಡಸರ ಕರ್ಚೀಫು.